ಒಕ್ಕಲು ಬರೆಸಿದ ವಂಶವೃಕ್ಷ

ಕಳೆದ ಆಟಿಯಲ್ಲಿ, ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ದಿನ, ಅಕ್ಕನ ಮಗಳು ಐರ್ಲೆಂಡಿನ ಲಿಮೆರಿಕ್‌ನಿಂದ ಒಂದು ಫೋಟೋ ಕಳಿಸಿದಳು. ಬಯಲಿನ ನಡುವೆ ಒಂದು ಕಲ್ಲುಗುಡ್ಡೆ, ಅದರ ನೆತ್ತಿಯ ಮೇಲೆ ಮಾಡು ಹಾರಿಹೋದ ದೊಡ್ಡ ಇಗರ್ಜಿ, ಪಕ್ಕದಲ್ಲಿ ತೋರುಬೆರಳು ಎತ್ತಿದ ಹಾಗೆ ಒಂದು ಉರುಟು ಗೋಪುರ. ಅವಳು ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್. ರಜೆಯ ದಿನ ಬಸ್ಸು ಹತ್ತಿ ಹೋಗಿದ್ದಳಂತೆ. ಅಡಿಯಲ್ಲಿ ಬರೆದಿದ್ದಳು: "ಮಾಮ, ಇದು ಕ್ಯಾಶೆಲ್. ಮನ್‌ಸ್ಟರ್ ರಾಜರು ಇದ್ದ ಜಾಗ. ಗೈಡ್ ಹೇಳಿದ್ದು ತಲೆಬುಡ ಗೊತ್ತಾಗಲಿಲ್ಲ. ರಾಜನ ಮಗ ರಾಜ ಆಗ್ಬೇಕು ಅಂತ ಇಲ್ಲವಂತೆ. ನಿಮಗಾದರೆ ಅರ್ಥ ಆದೀತು."

ನನಗೆ ಅರ್ಥವಾದೀತು ಎಂದು ಅವಳಿಗೆ ಅನಿಸಿದ್ದಕ್ಕೆ ಕಾರಣ ಉಂಟು. ನಾನು ಉಡುಪಿಯಲ್ಲಿ ಒಬ್ಬ ವಕೀಲರ ಹತ್ತಿರ 31 ವರ್ಷ ಗುಮಾಸ್ತನಾಗಿದ್ದವನು. ಆಸ್ತಿ ಹೆಣ್ಣು ಗೆರೆಯಲ್ಲಿ ಇಳಿಯುವ ಅಳಿಯಸಂತಾನದ ಪಾಲಿನ ದಾವೆ ಬಂತೆಂದರೆ ಕುಟುಂಬದ ವಂಶವೃಕ್ಷ ಬರೆಯುವ ಕೆಲಸ ನನ್ನ ಮೇಜಿಗೆ ಬರುತ್ತಿತ್ತು. ದೊಡ್ಡ ಕಂದು ಕಾಗದ, ಪೆನ್ಸಿಲು, ಮರದ ಸ್ಕೇಲು. ಗಂಡಸರಿಗೆ ಚೌಕ. ಹೆಂಗಸರಿಗೆ ವೃತ್ತ, ಅದಕ್ಕೆ ಒಂದು ಹಳೆಯ ಎಂಟಾಣೆ ನಾಣ್ಯವನ್ನು ಮೇಜಿನ ಡ್ರಾವರಿನಲ್ಲಿ ಇಟ್ಟುಕೊಂಡಿದ್ದೆ. ನಮ್ಮಲ್ಲಿ ಗೆರೆ ಮುಂದುವರಿಯುವುದು ವೃತ್ತದಿಂದ ವೃತ್ತಕ್ಕೆ. ಚೌಕಕ್ಕೆ ಬಂದರೆ ಅಲ್ಲಿಗೆ ಗೆರೆ ನಿಂತಿತು. ಅಜ್ಜಿಯೊಬ್ಬಳು, ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಮಕ್ಕಳು, ಹೀಗೆ ಇಳಿಯುವ ಒಂದೊಂದು ಕೊಂಬೆಗೂ ಕಾನೂನಿನಲ್ಲಿ 'ಕವರು' ಎಂದು ಹೆಸರು. ಒಂದು ಕವರಿನಲ್ಲಿ ಐವತ್ತರೊಳಗಿನ ಒಬ್ಬ ಹೆಂಗಸಾದರೂ ಇದ್ದರೆ ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. 1949ರ ಮದ್ರಾಸಿನ ಕಾಯ್ದೆ ಇದನ್ನೆಲ್ಲ ಅಚ್ಚಿನಲ್ಲಿ ಇಟ್ಟಿತು.

ನಾನು ಒಮ್ಮೆ ಒಂದು ವೃತ್ತವನ್ನೇ ಬಿಟ್ಟಿದ್ದೆ. ಮದುವೆಯಾಗಿ ಬೊಂಬಾಯಿಗೆ ಹೋದ ಒಬ್ಬಳು ಅಲ್ಲೇ ತೀರಿಕೊಂಡಳು, ಮಕ್ಕಳಿಲ್ಲ ಎಂದು ಕಕ್ಷಿಗಾರರು ಹೇಳಿದ್ದನ್ನು ನಂಬಿ ಅಡ್ಡಗೆರೆ ಎಳೆದೆ. ಸಾಕ್ಷಿ ವಿಚಾರಣೆ ಅರ್ಧ ಆದಮೇಲೆ ಕೋರ್ಟಿನ ವರಾಂಡದಲ್ಲಿ ಇಬ್ಬರು ಹೆಂಗಸರು ಬಂದು ನಿಂತರು, ಅವಳ ಹೆಣ್ಣುಮಕ್ಕಳು. ದಾವೆ ಪುನಃ ಮೊದಲಿಂದ. ವಕೀಲರು ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಮಕ್ಕಳಿಲ್ಲ ಎಂದು ಹೇಳಿದವರು ಮರೆತು ಹೇಳಿದ್ದಲ್ಲ ಎಂದು ನನಗೆ ಹೊಳೆದದ್ದು ಆಮೇಲೆ. ವಂಶವೃಕ್ಷ ಬರೆಸುವವನಿಗೆ ಯಾರಿಗೆ ಯಾರು ಹುಟ್ಟಿದರು ಎಂಬುದರಲ್ಲಿ ಆಸಕ್ತಿ ಇರುವುದಿಲ್ಲ. ಯಾವ ಗದ್ದೆ ಯಾರ ಕೈಯಲ್ಲಿ ಉಳಿಯಬೇಕು ಎಂಬುದರಲ್ಲಿ ಇರುತ್ತದೆ.

ಹಾಗಾಗಿ ಕ್ಯಾಶೆಲ್ ನನ್ನ ತಲೆಗೆ ಹೊಕ್ಕಿತು. ನಿವೃತ್ತಿಯಾದವನಿಗೆ ಬೇರೆ ಎಂತ ಕೆಲಸ? ಅಕ್ಕನ ಮಗಳೇ ಎರಡು ದಪ್ಪ ಪುಸ್ತಕ ಕಳಿಸಿದಳು. ಕಂದು ಕಾಗದ ತಂದೆ. ಎಂಟಾಣೆ ಇನ್ನೂ ಇತ್ತು.

ಮನ್‌ಸ್ಟರ್ ಎಂದರೆ ಐರ್ಲೆಂಡಿನ ದಕ್ಷಿಣದ ತುಂಡು. ಈಗಿನ ಕಾರ್ಕ್, ಕೆರ್ರಿ, ಲಿಮೆರಿಕ್, ಟಿಪ್ಪೆರರಿ, ವಾಟರ್‌ಫರ್ಡ್, ಕ್ಲೇರ್ ಎಲ್ಲ ಸೇರಿ. ಅಲ್ಲಿ ಐನೂರು ವರ್ಷದಷ್ಟು ಕಾಲ ಪಟ್ಟಕ್ಕೆ ಕೂತವರು ಓಗನಾಕ್ಟ ಎಂಬ ಮನೆತನದವರು. ಓಗನ್ ಎಂಬ ಮೂಲಪುರುಷನ ಮಕ್ಕಳು ಎಂದು ಅರ್ಥ. ಇವರಲ್ಲಿ ಕೋರ್ಕ್ ಎಂಬವನು ಕ್ಯಾಶೆಲ್ ಗುಡ್ಡೆಯನ್ನು ಹಿಡಿದನಂತೆ. ಅದಕ್ಕೊಂದು ಐತಿಹ್ಯ: ಹಂದಿ ಕಾಯುವ ಇಬ್ಬರಿಗೆ ಆ ಗುಡ್ಡೆಯ ಮೇಲೆ ದೇವದೂತನ ದರ್ಶನ ಆಯಿತು, ಇಲ್ಲಿ ರಾಜರಾಗುವವರ ವಾರ್ತೆ ಅವರ ಕಿವಿಗೆ ಬಿತ್ತು. ದನ ಮೇಯಿಸುವವನ ಕತ್ತಿಗೆ ಲಿಂಗ ತಾಗಿ ರಕ್ತ ಬಂದ ಕಥೆ ಊರಿಗೊಂದರಂತೆ ಕೇಳಿ ಬೆಳೆದವನಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ಹೆಸರು ಮಾತ್ರ ದೇವದೂತ ಕೊಟ್ಟದ್ದಲ್ಲ. ಕೋಟೆ ಎಂಬ ಲ್ಯಾಟಿನ್ ಶಬ್ದವೇ ಸವೆದು ಕ್ಯಾಶೆಲ್ ಆದದ್ದು.

ಓಗನಾಕ್ಟರಲ್ಲಿ ಕವಲುಗಳು ಬಹಳ. ಕ್ಯಾಶೆಲ್‌ನವರು, ಆನ್ಯಾದವರು, ಗ್ಲೆಂಡಮ್ನಾಕ್‌ನವರು ಒಳಸುತ್ತಿನವರು. ಪಶ್ಚಿಮದಲ್ಲಿ ಕಿಲಾರ್ನಿ ಸರೋವರದ ಹತ್ತಿರ ಲೇನ್‌ನವರು, ಕಾರ್ಕ್ ಕಡೆ ರಾತ್ಲಿನ್‌ನವರು ಹೊರಸುತ್ತು. ಏಳು ಎಂಟನೇ ಶತಮಾನಗಳಲ್ಲಿ ಪಟ್ಟ ಒಳಸುತ್ತಿನ ಮೂರು ಮನೆಗಳ ನಡುವೆ ಸುತ್ತುತ್ತಾ ಇತ್ತು. ಅಪ್ಪನಿಂದ ಮಗನಿಗೆ ನೇರವಾಗಿ ಇಳಿಯುವುದು ಅಪರೂಪ. ಉಡುಪಿಯವನಿಗೆ ಇದನ್ನು ಓದಿದ ಕೂಡಲೇ ಪರ್ಯಾಯ ನೆನಪಾಗದಿರುತ್ತದೆಯೇ? ಆದರೆ ಎರಡು ವರ್ಷಕ್ಕೊಮ್ಮೆ ಜನವರಿ 18ರ ಬೆಳಗ್ಗೆ ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಒಪ್ಪಿಸಿ ಎದ್ದುಹೋಗುವ ಕಟ್ಟಳೆ ಅಲ್ಲಿರಲಿಲ್ಲ. ಸರದಿ ಯಾರದ್ದು ಎಂದು ಹೇಳುವ ಪಂಚಾಂಗ ಇರಲಿಲ್ಲ. ಯಾರ ಹಿಂದೆ ಜನ ಜಾಸ್ತಿಯೋ ಅವರದ್ದು ಸರದಿ.

ಪಟ್ಟ ಕೇಳಲು ಅರ್ಹತೆ ಎಂದರೆ, ಗಂಡು ಗೆರೆಯಲ್ಲಿ ಒಬ್ಬ ಮುತ್ತಜ್ಜನಿಂದ ಇಳಿದ ನಾಲ್ಕು ತಲೆಮಾರಿನ ಬಳಗದೊಳಗೆ ಇರಬೇಕು ಎಂದು ಅವರ ಹಳೆಯ ಕಾನೂನಿನ ಲೆಕ್ಕ. ಹಾಗೆ ಇರುವವನಿಗೆ ಅವರ ಭಾಷೆಯಲ್ಲಿ ಒಂದು ಶಬ್ದ ಉಂಟು, ಬಿಡಿಸಿ ಹೇಳಿದರೆ 'ರಾಜನಾಗುವ ಸಾಮಗ್ರಿ' ಎಂದಾಗುತ್ತದೆ. ಹಸಿ ಮಣ್ಣು ಮಡಕೆಯ ಸಾಮಗ್ರಿ ಇದ್ದ ಹಾಗೆ. ಒಂದು ಕವಲಿಗೆ ಮೂರು ನಾಲ್ಕು ತಲೆಮಾರು ಪಟ್ಟ ಸಿಗಲಿಲ್ಲ ಎಂದಿಟ್ಟುಕೊಳ್ಳಿ, ಅವರು ಸಾಮಗ್ರಿಯೂ ಅಲ್ಲದೆ ಹೋಗುತ್ತಾರೆ. ನಮ್ಮ ನಿಸ್ಸಂತತಿ ಕವರಿನ ಹಾಗೆಯೇ, ಆದರೆ ಇಲ್ಲಿ ಮನೆ ತುಂಬ ಮಕ್ಕಳಿದ್ದೂ ಮುಗಿದು ಹೋದದ್ದು. ಆ ಗಡಿ ದಾಟುವ ಮೊದಲು ಒಮ್ಮೆಯಾದರೂ ಪಟ್ಟ ಹಿಡಿಯಲೇಬೇಕು. ಅದಕ್ಕೇ ಅಷ್ಟೊಂದು ಹೊಡೆದಾಟ.

ಅಳಿಯಂದಿರಿಗೆ, ಅಂದರೆ ಅಕ್ಕತಂಗಿಯರ ಮಕ್ಕಳಿಗೆ, ಕೊಟ್ಟರೆ ಜಗಳ ಇಲ್ಲ ಎಂದು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಜಗಳ ಇಲ್ಲದಿದ್ದರೆ ನನಗೆ ಸಂಬಳ ಎಲ್ಲಿಂದ ಬರುತ್ತಿತ್ತು? ಇಲ್ಲೇ ಉದ್ಯಾವರದಲ್ಲಿ, ತುಳುನಾಡನ್ನು ಆಳಿದ ಆಳುಪರ ಕಾಲದ ಕಲ್ಲುಗಳಿವೆ. ಹತ್ತಿರ ಹತ್ತಿರ ಅದೇ ಎಂಟನೇ ಶತಮಾನ. ರಣಸಾಗರ ಉದಯಪುರವನ್ನು, ಅಂದರೆ ಇದೇ ಉದ್ಯಾವರವನ್ನು, ಹೊಗುವಾಗ ಇಂಥವನು ಬಿದ್ದ, ಶ್ವೇತವಾಹನ ಹೊಗುವಾಗ ಇಂಥವನು ಬಿದ್ದ. ಒಂದೇ ಮನೆತನದವರು ಒಂದೇ ಊರಿಗಾಗಿ ಬಡಿದಾಡಿದ್ದು. ಗೆದ್ದವನ ಪ್ರಶಸ್ತಿ ಅಲ್ಲ, ಸತ್ತ ಆಳಿನ ಹೆಸರು ಕಲ್ಲಿನಲ್ಲಿ ಇದೆ ಎಂಬುದು ನನಗೆ ಬಹಳ ಹಿಡಿಸುವ ಸಂಗತಿ. ನನ್ನ ಓದಿಗೆ ಸಿಕ್ಕ ಮನ್‌ಸ್ಟರಿನಲ್ಲಿ ಆ ತರಹದ್ದು ಕಾಣಲಿಲ್ಲ. ಅಲ್ಲಿ ಎಲ್ಲ ಮಠದ ಪಾದ್ರಿಗಳು ವರ್ಷವಾರು ಬರೆದಿಟ್ಟ ಲೆಕ್ಕ, ರಾಜರದ್ದೂ ಮಠಾಧಿಪತಿಗಳದ್ದೂ.

ಕೆಲವು ಕಡೆ ಇಬ್ಬರೂ ಒಬ್ಬರೇ. 820ರಲ್ಲಿ ಪಟ್ಟಕ್ಕೆ ಬಂದ ಫೆಲಿಮಿ ಸನ್ಯಾಸಿಗಳ ಗುಂಪಿಗೆ ಸೇರಿದವನು. ಆದರೆ 833ರಲ್ಲಿ ಕ್ಲಾನ್‌ಮಕ್‌ನಾಯ್ಸ್ ಮಠಕ್ಕೆ ಬೆಂಕಿ ಇಟ್ಟ, ಕಾರ್ಕ್ ಮಠದ ಅಧಿಪತ್ಯವನ್ನು ತಾನೇ ತೆಗೆದುಕೊಂಡ. ಇವನ ಬಗ್ಗೆ ನನಗೆ ಹೆಚ್ಚು ಬರೆಯುವ ಮನಸ್ಸಿಲ್ಲ. ಕಾರ್ಮಕ್ ಬೇರೆ. 902ರಿಂದ 908ರವರೆಗೆ ರಾಜ, ಜೊತೆಗೆ ಬಿಷಪ್. ಕ್ಯಾಶೆಲ್ ಕವಲಿನವನೇ ಆದರೂ ಹತ್ತಿರದ ಅಜ್ಜಂದಿರಲ್ಲಿ ಯಾರೂ ಪಟ್ಟ ಹಿಡಿದವರಲ್ಲ. ಇಬ್ಬರು ದಾಯಾದಿಗಳು ಹಟ ಬಿಡದಿದ್ದಾಗ ಮೂರನೆಯ ಸಾಧು ಮನುಷ್ಯನನ್ನು ಗುರಿಕಾರ ಮಾಡುವುದಿಲ್ಲವೇ, ಅಂಥದ್ದೇ ಇರಬೇಕು ಎಂದು ನನ್ನ ಊಹೆ. ಐರಿಷ್ ಭಾಷೆಯ ಹಳೆಯ ಕಷ್ಟಪದಗಳಿಗೆ ಅರ್ಥ ಬರೆದ ಸಾವಿರಕ್ಕೂ ಮೀರಿದ ಪದಗಳ ಕೋಶವೊಂದು ಅವನ ಹೆಸರಿನಲ್ಲಿದೆ. ಪದಗಳ ವ್ಯುತ್ಪತ್ತಿ ಹುಡುಕುತ್ತಾ ಕೂತಿರಬೇಕಾದವನು 908ರಲ್ಲಿ ದಂಡು ಕಟ್ಟಿಕೊಂಡು ನೆರೆರಾಜ್ಯ ಲೆನ್‌ಸ್ಟರ್‌ಗೆ ಹೋಗಿ ತಲೆ ಕಳೆದುಕೊಂಡ. ಅಕ್ಷರಶಃ. ಅಲ್ಲಿಂದ ಓಗನಾಕ್ಟರ ಕೈ ಸಡಿಲವಾಯಿತು.

ಈಗ ನನ್ನ ಮೆಚ್ಚಿನ ಭಾಗ.

ಶಾನನ್ ನದಿಯ ಉತ್ತರದ ದಡದಲ್ಲಿ, ಈಗಿನ ಕ್ಲೇರ್ ಕಡೆ, ಒಂದು ಜನ ಇದ್ದರು. ಹಳೆಯ ಬರಹದಲ್ಲಿ ಅವರನ್ನು ಡೇಶಿ ಎಂದು ಕರೆದಿದೆ. ಡೇಶಿ ಎಂದರೆ ಅಧೀನ ಜನ, ಧಣಿಗೆ ಕಪ್ಪ ಕೊಟ್ಟು ಬದುಕುವವರು. ಒಕ್ಕಲು ಎನ್ನದೆ ಬೇರೆ ಶಬ್ದ ನನಗೆ ಹೊಳೆಯುವುದಿಲ್ಲ. ಇವರು 934ರ ದಾಖಲೆಯಲ್ಲಿ ಒಮ್ಮೆಲೇ ಹೊಸ ಹೆಸರು ಹೊತ್ತು ಬರುತ್ತಾರೆ: ಡಾಲ್ ಗಾಶ್, ಅಂದರೆ ಕಾಸ್ ಎಂಬವನ ಸಂತತಿ. (ಬರೆಯುವಾಗ ಅಕ್ಷರ ಬೇರೆ, ಓದುವಾಗ ಸ್ವರ ಬೇರೆ. ಮಂಗಳೂರು ಎಂದು ಬರೆದು ಕುಡ್ಲ ಎಂದು ಓದುವ ನಾವು ಅದಕ್ಕೆ ನಗುವ ಹಾಗಿಲ್ಲ.) 964ರಲ್ಲಿ ಅವರ ನಾಯಕ ಮಹೋನ್ ಕ್ಯಾಶೆಲ್ ಗುಡ್ಡೆಯನ್ನೇ ಹಿಡಿದ. 967ರಲ್ಲಿ ಲಿಮೆರಿಕ್‌ನ ವೈಕಿಂಗ್‌ಗಳನ್ನು ಸೋಲಿಸಿ ಪೇಟೆಯನ್ನು ಸೂರೆ ಮಾಡಿದ. ಒಕ್ಕಲು ಧಣಿಯ ಜಗಲಿಗೆ ಏರಿ ಕೂತದ್ದು.

ಇಲ್ಲಿ ನಮ್ಮಲ್ಲೂ ಒಕ್ಕಲು ಒಡೆಯನಾದ. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಕರಾವಳಿಯಲ್ಲಿ ಸಾವಿರ ಸಾವಿರ ಜನ 'ಡಿಕ್ಲರೇಶನ್' ಹಾಕಿದರು. ಟ್ರಿಬ್ಯೂನಲ್ಲಿನವರು ಕೇಳಿದ್ದು ಗದ್ದೆ ಉಳುವುದು ಯಾರು ಎಂದು. ಅಜ್ಜ ಯಾರು ಎಂದು ಕೇಳಲಿಲ್ಲ. ಕ್ಯಾಶೆಲ್‌ನಲ್ಲಿ ಹಾಗಲ್ಲ. ಅಲ್ಲಿ ಗುಡ್ಡೆ ಕೈಗೆ ಬಂದರೂ ಅಜ್ಜ ಬೇಕೇ ಬೇಕು. ಹಾಗಾಗಿ ಅಜ್ಜನನ್ನು ಬರೆಸಿದರು. ಓಗನ್‌ನ ಅಪ್ಪ ಅಲಿಲ್ ಎಂಬವನು. ಅವನಿಗೆ ಇನ್ನೊಬ್ಬ ಮಗ ಇದ್ದ, ಹೆಸರು ಕಾರ್ಮಕ್ ಕಾಸ್, ನಾವು ಅವನ ಮಕ್ಕಳು. ಅಂದರೆ ಒಕ್ಕಲುಗಳಲ್ಲ, ದಾಯಾದಿಗಳು! ಅಷ್ಟಕ್ಕೆ ನಿಲ್ಲಿಸಲಿಲ್ಲ. ಪಟ್ಟ ಒಮ್ಮೆ ಓಗನ್ ಮಕ್ಕಳಿಗೆ, ಒಮ್ಮೆ ಕಾಸ್ ಮಕ್ಕಳಿಗೆ, ಹೀಗೆ ಸರದಿಯಲ್ಲಿ ಹೋಗಬೇಕು ಎಂದು ಅಲಿಲ್ ಸಾಯುವ ಮೊದಲು ವಿಧಿಸಿದ್ದ ಎಂದೂ ಸೇರಿಸಿದರು. ಸುಮಾರು ಏಳುನೂರು ವರ್ಷದ ಹಿಂದಿನ ಉಯಿಲು, ಸಾಕ್ಷಿಗಳೆಲ್ಲ ಸತ್ತವರು, ಬರೆಸಿದವರು ಸ್ವಾಧೀನದಲ್ಲಿರುವವರು. ಇಂಥ ಉಯಿಲು ನಮ್ಮ ಕಚೇರಿಗೆ ಬಂದಿದ್ದರೆ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇವರಿಗೆ ಕಾಫಿ ಕೊಡು ಮಾರಾಯ, ಕೇಸು ಬೇಡ" ಅನ್ನುತ್ತಿದ್ದರು. ಈಗಿನ ಇತಿಹಾಸಕಾರರು ಸಾಮಾನ್ಯವಾಗಿ ಆ ಕೊಂಬೆಯನ್ನು ಕಸಿ ಕಟ್ಟಿದ್ದು ಎಂದೇ ಹೇಳುತ್ತಾರೆ.

ಎಲ್ಲರ ಮನೆ ದೋಸೆಯೂ ತೂತೇ. ನಮ್ಮ ಅಳಿಯಸಂತಾನಕ್ಕೆ ಮೂಲ ಎನ್ನುವ ಭೂತಾಳ ಪಾಂಡ್ಯನ ಕಟ್ಟು ಉಂಟಲ್ಲ, ಕುಂಡೋದರ ಭೂತ ಬಲಿ ಕೇಳಿದ್ದು, ಹೆಂಡತಿ ಮಗನನ್ನು ಕೊಡದೆ ತಂಗಿ ತನ್ನ ಮಗನನ್ನು ಕೊಡಲು ಒಪ್ಪಿದ್ದು, ಅದಕ್ಕೇ ಆಸ್ತಿ ಅಳಿಯನಿಗೆ ಆದದ್ದು. ಆ ಬರಹ ಹೇಳಿಕೊಳ್ಳುವಷ್ಟು ಹಳೆಯದಲ್ಲ ಎಂಬ ವಾದ ಕೋರ್ಟಿನಲ್ಲೇ ಆಗಿದೆ. ಬರಹ ಹೊಸತಾದರೂ ರೂಢಿ ಹಳತೇ ಎಂದು ನಮ್ಮ ವಕೀಲರ ಉತ್ತರ. ಡಾಲ್ ಗಾಶ್‌ನವರ ವಕೀಲರಾಗಿದ್ದರೆ ಎಂತ ಹೇಳುತ್ತಿದ್ದರೋ!

ಮಹೋನ್ 976ರಲ್ಲಿ ಮೋಸದಿಂದ ಸಿಕ್ಕಿಬಿದ್ದ. ಕೊಂದವನು ಮೇಲ್‌ಮುವಾ, ಓಗನಾಕ್ಟರ ರಾತ್ಲಿನ್ ಕವಲಿನವನು. ಎರಡು ವರ್ಷದೊಳಗೆ ಮಹೋನನ ತಮ್ಮ ಬ್ರಿಯಾನ್ ಮೇಲ್‌ಮುವಾನನ್ನು ಯುದ್ಧದಲ್ಲಿ ಕೊಂದು ಕ್ಯಾಶೆಲ್‌ಗೆ ಕೂತ. ಇವನೇ ಬ್ರಿಯಾನ್ ಬೋರು. ಅಪ್ಪನ ಹೆಸರು ಕೆನ್ನೇಟಿಗ್. ಅಮೆರಿಕದ ಕೆನಡಿ ಎಂಬ ಹೆಸರಿನ ಮೂಲ ಅದೇ ಶಬ್ದ. ಆದರೆ ನನ್ನ ಪೆನ್ಸಿಲು ನಿಂತದ್ದು ಬೇರೆ ಕಡೆ. ಬ್ರಿಯಾನನ ಮಗಳು ಸೈವ್‌ಳನ್ನು ಕೊಟ್ಟದ್ದು ಮೇಲ್‌ಮುವಾನ ಮಗ ಕಿಯಾನ್‌ಗೆ. ರಾಜಿ ಪಂಚಾಯ್ತಿ. ಅವರಿಗೆ ಹುಟ್ಟಿದ ಗಂಡಿಗೆ ಇಟ್ಟ ಹೆಸರು ಮಹೋನ್. ಅಪ್ಪನ ಅಪ್ಪ ಕೊಂದವನು, ಅಮ್ಮನ ದೊಡ್ಡಪ್ಪ ಸತ್ತವನು, ಮಗುವಿಗೆ ಸತ್ತವನ ಹೆಸರು. ಆ ಮಗುವಿನಿಂದ ಇಳಿದವರೇ ಇವತ್ತಿನ ಓಮಹೋನಿ ಮನೆಯವರು.

ಅಷ್ಟು ದೊಡ್ಡ ಕಂದು ಕಾಗದ, ನೂರ ಹತ್ತು ಚೌಕಗಳು, ಎಂಟಾಣೆ ಒಂದೇ ಸಲ ಬಳಕೆಯಾಯಿತು. ಸೈವ್‌ಗೆ. ಉಳಿದ ಹೆಂಗಸರೆಲ್ಲ ನನ್ನ ಬೊಂಬಾಯಿಯವಳ ಹಾಗೆ ಬಿಟ್ಟುಹೋದವರು.

ಬ್ರಿಯಾನನ ಯುದ್ಧಗಳನ್ನು ಬೇಕಾದವರು ಓದಿಕೊಳ್ಳಬಹುದು. 1002ರಲ್ಲಿ ಇಡೀ ಐರ್ಲೆಂಡಿಗೆ ಮೇಲರಸನಾದ, 1014ರ ಏಪ್ರಿಲ್ 23, ಶುಭ ಶುಕ್ರವಾರದಂದು ಡಬ್ಲಿನ್ ಹತ್ತಿರ ಕ್ಲಾನ್‌ಟಾರ್ಫ್‌ನಲ್ಲಿ ಅವನ ಕಡೆ ಗೆದ್ದರೂ ಅವನು ಸತ್ತ, ಮಗ ಸತ್ತ, ಮೊಮ್ಮಗ ಸತ್ತ. ನನಗೆ ಇಷ್ಟವಾದದ್ದು ಅವನ ಗುಮಾಸ್ತ. 1005ರಲ್ಲಿ ಬ್ರಿಯಾನ್ ಆರ್ಮಾ ಇಗರ್ಜಿಗೆ ಹೋಗಿ ಇಪ್ಪತ್ತು ಔನ್ಸ್ ಚಿನ್ನ ಕಾಣಿಕೆ ಇಟ್ಟ. ಅಲ್ಲಿನ ಪವಿತ್ರ ಗ್ರಂಥದಲ್ಲಿ ಅವನ ಕಾರ್ಯದರ್ಶಿ ಲ್ಯಾಟಿನ್‌ನಲ್ಲಿ ಒಂದು ಟಿಪ್ಪಣಿ ಬರೆದ: ಐರಿಷರ ಚಕ್ರವರ್ತಿ ಬ್ರಿಯಾನನ ಕಣ್ಣೆದುರು ನಾನು ಇದನ್ನು ಬರೆದೆ ಎಂದು. ಬರೆದವನ ಹೆಸರು ಮೇಲ್‌ಸುಹಾನ್. ತನ್ನ ಹೆಸರನ್ನೂ ಲ್ಯಾಟಿನ್ನಿಗೆ ತಿರುಗಿಸಿ ಹಾಕಿದ್ದಾನೆ. ಕನ್ನಡಕ್ಕೆ ತಂದರೆ 'ನಿತ್ಯಬೋಳ'. ಆ ಗ್ರಂಥ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಈಗಲೂ ಇದೆ. ಸಾವಿರ ವರ್ಷದ ಹಿಂದಿನ ಒಬ್ಬ ಗುಮಾಸ್ತ ಧಣಿಗೆ ಚಕ್ರವರ್ತಿ ಪಟ್ಟ ಕಟ್ಟುವ ಸಾಲಿನಲ್ಲಿ ತನ್ನ ಬೋಳುತಲೆಯನ್ನೂ ತುರುಕಿದ್ದು ನೋಡಿ ನಾನು ಒಬ್ಬನೇ ಕೂತು ನಕ್ಕೆ. ನಾನು ಬರೆದ ವೃಕ್ಷಗಳ ಮೂಲೆಯಲ್ಲಿ ನನ್ನ ಇನಿಷಿಯಲ್ ಕೂಡ ಇಲ್ಲ.

ಬ್ರಿಯಾನನ ಸಂತತಿಯವರು ಓಬ್ರಾಯನ್‌ಗಳಾದರು. ಅವನ ಮರಿಮಗ ಮುರ್ಟಾಖ್ 1101ರಲ್ಲಿ ಮಾಡಿದ ಒಂದು ಕೆಲಸ ನೋಡಿ: ಕ್ಯಾಶೆಲ್ ಗುಡ್ಡೆಯನ್ನು ಇಗರ್ಜಿಗೆ ದಾನ ಬರೆದ. ಭಕ್ತಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ದೇವರ ಹೆಸರಿಗೆ ಬರೆದ ಜಾಗಕ್ಕೆ ಹಳೆಯ ಧಣಿ ಕೈಹಾಕುವಂತಿಲ್ಲ. ಹೀಗೆ ದೈವಸ್ಥಾನಕ್ಕೆ ಬಿಟ್ಟ ಎರಡು ದಾನಪತ್ರಗಳನ್ನು ನಾನೇ ಟೈಪು ಮಾಡಿದ್ದೇನೆ. ಎರಡರಲ್ಲೂ ದಾನಿಗೆ ಭಕ್ತಿಗಿಂತ ಅಣ್ಣನ ಮೇಲಿನ ಸಿಟ್ಟು ಜಾಸ್ತಿ ಇತ್ತು.

ಹಳೆಯ ಧಣಿಗಳು ಬಿಡಲಿಲ್ಲ. 1118ರಲ್ಲಿ ಕನಾಟ್‌ನ ರಾಜ ಟರ್ಲೋ ಓಕಾನರ್ ಬಂದು ಮನ್‌ಸ್ಟರನ್ನು ಎರಡು ಪಾಲು ಮಾಡಿದ. ಉತ್ತರ ಓಬ್ರಾಯನ್‌ಗಳಿಗೆ, ದಕ್ಷಿಣ ಓಗನಾಕ್ಟರ ಕ್ಯಾಶೆಲ್ ಕವಲಿನಿಂದ ಇಳಿದ ಮೆಕಾರ್ಥಿಗಳಿಗೆ. ಅವರಲ್ಲಿ ಕಾರ್ಮಕ್ ಮೆಕಾರ್ಥಿ ಕ್ಯಾಶೆಲ್ ಗುಡ್ಡೆಯ ಮೇಲೆ 1127ರಲ್ಲಿ ಒಂದು ಸಣ್ಣ ಇಗರ್ಜಿ ಕಟ್ಟಿಸಲು ಹಿಡಿದ, 1134ರಲ್ಲಿ ಪ್ರತಿಷ್ಠೆ ಆಯಿತು. ಜಾಗ ದೇವರದ್ದು, ಸರಿ. ಕಟ್ಟಿಸಿದವರು ಯಾರೆಂದು ಬಂದವರೆಲ್ಲ ಕೇಳುತ್ತಾರಲ್ಲ! ಅಕ್ಕನ ಮಗಳ ಫೋಟೋದಲ್ಲಿ ದೊಡ್ಡ ಇಗರ್ಜಿಯ ಪಕ್ಕೆಗೆ ಅಂಟಿಕೊಂಡು ಕಾಣುವುದು ಅದೇ. ಆಮೇಲೆ ಕಟ್ಟಿದ ದೊಡ್ಡದಕ್ಕೆ ಈಗ ಮಾಡು ಇಲ್ಲ, ಈ ಸಣ್ಣದರ ಕಲ್ಲುಮಾಡು ಇನ್ನೂ ನಿಂತಿದೆ.

ನಾರ್ಮನ್ನರು ಬಂದದ್ದು, ಇಂಗ್ಲಿಷರು ಬಂದದ್ದು ಎಲ್ಲ ದಾಟಿ ಬರುತ್ತೇನೆ. 1543ರಲ್ಲಿ ಓಬ್ರಾಯನ್‌ಗಳ ಮುಖ್ಯಸ್ಥ ತನ್ನ ಸೀಮೆಯನ್ನು ಇಂಗ್ಲೆಂಡಿನ ಅರಸನಿಗೆ ಒಪ್ಪಿಸಿ, ಅವನಿಂದಲೇ ಪುನಃ ಪಡೆದು, ಥಾಮಂಡ್‌ನ ಅರ್ಲ್ ಎಂದು ಬಿರುದು ಹೊತ್ತು ಬಂದ. ಇನ್ನೊಂದು ಕಡೆ ಮುಗಿದದ್ದು ನನಗೆ ಪರಿಚಯದ ಜಾಗದಲ್ಲಿ, ಕೋರ್ಟಿನಲ್ಲಿ. ಓಕಾಲಹನ್ ಎಂಬವರು ಹತ್ತನೇ ಶತಮಾನದ ಒಬ್ಬ ಓಗನಾಕ್ಟ ರಾಜನ ಸಂತತಿ. ಅವರ ಕಾರ್ಕ್ ಸೀಮೆಯ ಜಮೀನಿಗೆ ಇದ್ದ ರೂಢಿ, ಯಜಮಾನ ಸತ್ತರೆ ಮಗನಿಗಲ್ಲ, ಬಳಗದಲ್ಲಿ ಹಿರಿಯನೂ ಹೆಚ್ಚು ಯೋಗ್ಯನೂ ಆದವನಿಗೆ. ಹಾಗೆ ಮೊದಲೇ ಆರಿಸಿಟ್ಟವನಿಗೆ ಟಾನಿಸ್ಟ್ ಎಂದು ಹೆಸರು. 1608ರಲ್ಲಿ ಡಬ್ಲಿನ್ನಿನ ನ್ಯಾಯಾಲಯ ಈ ರೂಢಿ ಸಿಂಧುವಲ್ಲ ಎಂದು ತೀರ್ಪು ಕೊಟ್ಟಿತು. ಕಾರಣಗಳಲ್ಲಿ ಒಂದು: ಯೋಗ್ಯ ಯಾರೆಂಬುದು ಅನಿಶ್ಚಿತ. ಅದೇನೋ ನಿಜ. ಐನೂರು ವರ್ಷ ಕತ್ತಿಯಿಂದ ನಿಶ್ಚಯಿಸಿಕೊಂಡು ಬಂದದ್ದನ್ನು ನ್ಯಾಯಾಧೀಶರು ಶಾಯಿಯಲ್ಲಿ ಹೇಗೆ ನಿಶ್ಚಯಿಸಿಯಾರು? ಮದ್ರಾಸ್ ಹೈಕೋರ್ಟು 1860ರ ದಶಕದಲ್ಲಿ ಅಳಿಯಸಂತಾನದ ಎದುರು ಕೂತಾಗ ರೂಢಿಯನ್ನು ರದ್ದು ಮಾಡಲಿಲ್ಲ, ಕೇಳಿದ ಮಾತ್ರಕ್ಕೆ ಪಾಲಿಲ್ಲ ಎಂದು ಇನ್ನೂ ಬಿಗಿ ಮಾಡಿತು. ಅದರ ಫಲವಾಗಿ ತೊಂಬತ್ತು ವರ್ಷ ಒಂದೇ ಒಲೆಯ ಸುತ್ತ ಹಲ್ಲು ಕಡಿದುಕೊಂಡು ಕೂತ ಮನೆಗಳೆಷ್ಟೋ.

ಟಾನಿಸ್ಟ್ ಎಂಬ ಶಬ್ದ ಮಾತ್ರ ಸಾಯಲಿಲ್ಲ. ಐರ್ಲೆಂಡಿನ ಉಪಪ್ರಧಾನಿಯನ್ನು ಇವತ್ತಿಗೂ ಕರೆಯುವುದು ಅದರದೇ ರೂಪದಿಂದ.

ಮೊನ್ನೆ ಕಾಗದ ಪೂರ್ತಿ ಆಯಿತು. ನಾಲ್ಕು ತುಂಡಾಗಿ ಫೋಟೋ ತೆಗೆದು ಕಳಿಸಿದೆ. ರಾತ್ರಿ ಅವಳ ಫೋನು ಬಂತು.

"ಮಾಮ, ನಮ್ಮ ವಾರ್ಡಿನಲ್ಲಿ ಇಬ್ಬರು ಓಬ್ರಾಯನ್ ಇದ್ದಾರೆ, ಒಬ್ಬಳು ಮೆಕಾರ್ಥಿ. ತೋರಿಸಿದೆ."

"ಎಂತ ಹೇಳಿದರು?"

"ನಿಮ್ಮ ಅಂಕಲ್‌ಗೆ ಬೇರೆ ಕೆಲಸ ಇಲ್ವಾ ಅಂದರು. ಈ ತಿಂಗಳಿಂದ ಪಾಳಿಯ ಪಟ್ಟಿ ಬರೆಯುವುದು ನಾನು, ಗೊತ್ತುಂಟಾ? ಕ್ರಿಸ್‌ಮಸ್ ರಾತ್ರಿ ಯಾರಿಗೆ ಹಾಕುವುದು ಅಂತ ಮೂವರೂ ನನ್ನ ಹಿಂದೆ ಬಿದ್ದಿದ್ದಾರೆ."

"ಯಾರಿಗೆ ಹಾಕಿದೆ ಮಗಾ?"

"ನಾನೇ ಹಾಕಿಕೊಂಡೆ," ಅಂದಳು.